ಹೀಟರ್ 6 ಕಿಲೋವ್ಯಾಟ್ ಇದ್ದರೆ ಮೆಷಿನ್ ಡಬಲ್ ಬೇಕಾ?

ಪ್ರಶ್ನೆ: ಸರ್, ನಾವು ಶ್ರೀನಿವಾಸಪುರದ ಕಡೆಯವರು. ಮಾವಿನ ಪಲ್ಪ್ ಇಡೋಕೆ ಮೈನಸ್ 18 ಡಿಗ್ರಿಯ ಕೋಲ್ಡ್ ರೂಮ್ ಮಾಡಿಸುತ್ತಿದ್ದೇವೆ. ದಿನಕ್ಕೆ 600 ಕೆಜಿ ಒಳಗೆ ಹೋಗುತ್ತದೆ. ಒಬ್ಬರು ಎರಡು ಟನ್ ಮೆಷಿನ್ ಸಾಕು ಅಂತಾರೆ. ಇನ್ನೊಬ್ಬರು ರೂಮ್ ತಂಪು ಮಾಡುವ ಕಾಯಿಲ್ ಮೇಲೆ ಕಟ್ಟುವ ಐಸ್ ಕರಗಿಸುವ ಡಿಫ್ರಾಸ್ಟ್ ಹೀಟರೇ 6 ಕಿಲೋವ್ಯಾಟ್ ಇದೆ, ಅದನ್ನೂ ಸೇರಿಸಿ ಮೂರೂವರೆ ಟನ್ ಹಾಕಿ ಅಂತಾರೆ. ಯಾರ ಮಾತು ಕೇಳೋದು?

ಉತ್ತರ: ಎರಡು ಟನ್ ಅಂದವರದ್ದು. ಆದರೆ ಅವರು ಡಿಫ್ರಾಸ್ಟ್ ಲೆಕ್ಕ ಹಾಕಿದ್ದಾರಾ, ಸುಮ್ನೆ ಅಂದಾಜಿಗೆ ಹೇಳಿದ್ದಾರಾ ಅಂತ ಒಮ್ಮೆ ಕೇಳಿ ನೋಡಿ.

ಹೀಟರ್ ಉರಿಯುವಾಗ ಕಂಪ್ರೆಸರ್ ನಿಂತಿರುತ್ತದೆ ಅಲ್ವಾ? ಎರಡೂ ಒಟ್ಟಿಗೆ ಓಡುವುದಿಲ್ಲ. ಹಾಗಿದ್ದ ಮೇಲೆ ಹೀಟರಿನ ಕಿಲೋವ್ಯಾಟನ್ನು ನೇರ ತಂದು ಮೆಷಿನ್ ಮೇಲೆ ಹೊರಿಸಿದರೆ ಹೇಗೆ? ಕೂಡಬೇಕಾದ್ದು ಇಡೀ ದಿನದ ಶಾಖವನ್ನು. ಕರೆಂಟಿನ ಹಾಗೆ ಯೂನಿಟ್‌ನಲ್ಲೇ ಹೇಳುತ್ತೇನೆ, ಆದರೆ ಇದು ಹೊರಗೆ ಹಾಕಬೇಕಾದ ಶಾಖ, ಬಿಲ್ಲಿನ ಲೆಕ್ಕ ಅಲ್ಲ. ನಿಮ್ಮ ಗೋಡೆ, ಬಾಗಿಲು, ಫ್ಯಾನು, ಪಲ್ಪ್ ಎಲ್ಲ ಸೇರಿ ದಿನಕ್ಕೆ 108 ಯೂನಿಟ್ ಅಂತ ಇಟ್ಟುಕೊಳ್ಳಿ. ಹೀಟರ್ ದಿನಕ್ಕೆ ನಾಲ್ಕು ಸಲ, ಸಲಕ್ಕೆ ಅರ್ಧ ಗಂಟೆ ಉರಿದರೆ 12 ಯೂನಿಟ್. ಇದರಲ್ಲಿ ಐಸ್ ಕರಗಿಸುವುದಕ್ಕೆ ಎಷ್ಟು ಹೋಗುತ್ತದೆ ಗೊತ್ತಾ? ಒಂದು ಕೆಜಿ ಐಸ್ ಕರಗಲು 334 ಕಿಲೋಜೌಲ್ ಬೇಕು. ಸಲಕ್ಕೆ 3 ಕೆಜಿ ಐಸ್ ಕಟ್ಟಿದ್ದರೂ 0.28 ಯೂನಿಟ್, ಅಷ್ಟೇ. ಅದು ನೀರಿನ ಜೊತೆ ಡ್ರೈನಿನಲ್ಲಿ ಆಚೆ ಹೋಗುತ್ತದೆ. ಮಿಕ್ಕಿದ್ದು ಕಾಯಿಲ್, ಟ್ರೇ, ರೂಮಿನ ಗಾಳಿ ಬಿಸಿ ಮಾಡುವುದಕ್ಕೇ ಹೋಯಿತು! ಹೀಟರ್ ಆಫ್ ಆಗುವ ಹೊತ್ತಿಗೆ ಕಾಯಿಲ್ ಸುತ್ತ ಹಬೆ ಏಳುವುದು, ಅದೇ ಹಬೆ ಸೀಲಿಂಗ್‌ಗೆ ಅಂಟಿ ಹರಳು ಹರಳಾಗಿ ಕೂರುವುದು ನೀವೇ ನೋಡುತ್ತೀರಿ.

ನಾಲ್ಕೂ ಸಲ ಸೇರಿ ಡ್ರೈನಿಗೆ ಹೋದದ್ದು ಕಳೆದರೆ ದಿನಕ್ಕೆ ಸುಮಾರು 11 ಯೂನಿಟ್ ಉಳಿಯಿತು. 108ಕ್ಕೆ ಸೇರಿಸಿದರೆ 119. ಡಿಫ್ರಾಸ್ಟ್, ನೀರು ಸೋರಲು ಬಿಡುವ ಸಮಯ ಎಲ್ಲ ಕಳೆದು ಫ್ರೀಜರ್ ರೂಮಿಗೆ ಸಾಮಾನ್ಯವಾಗಿ 18 ಗಂಟೆ ಓಟ ಹಿಡಿಯುತ್ತಾರೆ. ಭಾಗಿಸಿ: 6.6 ಕಿಲೋವ್ಯಾಟ್, ಒಂದು ಟನ್‌ಗೆ ಮೂರೂವರೆ ಕಿಲೋವ್ಯಾಟ್ ಲೆಕ್ಕದಲ್ಲಿ ಎರಡು ಟನ್ನಿಗೆ ಸ್ವಲ್ಪ ಕಮ್ಮಿ. ಅಂದರೆ ಅಷ್ಟು ದೊಡ್ಡ ಹೀಟರ್ ಮೆಷಿನ್ ಮೇಲೆ ಹಾಕಿದ ಭಾರ ಬರೀ 0.6 ಕಿಲೋವ್ಯಾಟ್. ಎರಡು ಟನ್ ಕೂಡ ಮೈನಸ್ 25ರ ಆಸುಪಾಸಿನ ಕಾಯಿಲ್ ತಾಪದಲ್ಲಿ ಸಿಗಬೇಕು. ಎಸಿ ಟನ್, ಅಂದರೆ ಎಸಿಯ ಅಷ್ಟು ತಣ್ಣಗಿಲ್ಲದ ಕಾಯಿಲ್ ತಾಪದಲ್ಲಿ ಸಿಗುವ ಟನ್, ತೋರಿಸಿದರೆ ಒಪ್ಪಬೇಡಿ.

ಒಂದು ಎಚ್ಚರ. "18ರಿಂದ ಭಾಗಿಸಿದ್ದೀನಲ್ಲ, ಡಿಫ್ರಾಸ್ಟ್ ಅದರಲ್ಲೇ ಬಂತು" ಅನ್ನುವವರು ಜಾಸ್ತಿ. ಬಂದಿರುವುದು ಮೆಷಿನ್ ನಿಂತ ಸಮಯ, ಹೀಟರಿನ ಶಾಖ ಅಲ್ಲ. ಎರಡೂ ಬೇರೆ.

ಈ 12 ಯೂನಿಟ್ ಕೂಡ ಐಸ್ ಕರಗಿದ ಮೇಲೆ ಹೀಟರ್ ಆಫ್ ಮಾಡುವ ಟರ್ಮಿನೇಷನ್ ಥರ್ಮೋಸ್ಟಾಟ್ ಸರಿ ಇದ್ದರೆ ಮಾತ್ರ. ತುಮಕೂರಿನಲ್ಲಿ ನಾನೇ ನೋಡಿಕೊಳ್ಳುತ್ತಿದ್ದ ಒಂದು ರೂಮಿನಲ್ಲಿ ಅದು ಕೆಟ್ಟಿತ್ತು, ಐಸ್ ಕರಗಿ ಎಷ್ಟೋ ಹೊತ್ತಾದರೂ ಟೈಮರ್ ಮುಗಿಯುವ ತನಕ ಹೀಟರ್ ಉರಿಯುತ್ತಲೇ ಇತ್ತು, ನಾನು ಮಾತ್ರ ಗ್ಯಾಸ್ ಕಮ್ಮಿ ಇದೆ ಅಂತ ಎರಡು ದಿನ ಲೀಕ್ ಹುಡುಕಿದೆ! ಡಿಫ್ರಾಸ್ಟ್ ಮುಗಿದು ಕಾಯಿಲ್ ತಣ್ಣಗಾಗುವ ತನಕ ಫ್ಯಾನ್ ತಡೆಹಿಡಿಯುವ ಫ್ಯಾನ್ ಡಿಲೇ ಇದೆಯಾ ಅಂತಲೂ ನೋಡಿ. ಇಲ್ಲದಿದ್ದರೆ ಬಿಸಿ ಕಾಯಿಲ್ ಮೇಲೆ ಗಾಳಿ ಬೀಸಿ ಪಲ್ಪ್ ಡಬ್ಬಗಳ ಮೇಲೇ ಹಬೆ ಹೊಡೆಯುತ್ತದೆ.

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಗುಲಾಬಿಗೆ 4 ಡಿಗ್ರಿ ರೂಮ್ ಇದೆ. ನಮಗೂ ಹೀಟರ್ ಲೆಕ್ಕ ಬೇಕಾ?

ಉತ್ತರ: ಬೇಡ. ಕಂಪ್ರೆಸರ್ ನಿಲ್ಲಿಸಿ ಫ್ಯಾನ್ ಓಡಿಸಿದರೆ ರೂಮಿನ ಗಾಳಿಯೇ ಐಸ್ ಕರಗಿಸುತ್ತದೆ. ಅದಕ್ಕೆ ಟೈಮ್ ಜಾಸ್ತಿ ಬೇಕು, ಓಟ 16 ಗಂಟೆ ಹಿಡಿಯಿರಿ. ದ್ರಾಕ್ಷಿಗೆ ಅಂತ ಅದೇ ರೂಮನ್ನು ಸೊನ್ನೆಗೆ ಇಳಿಸುವ ಯೋಚನೆ ಇದ್ದರೆ ಮಾತ್ರ ಹೀಟರ್ ಬೇಕಾಗುತ್ತದೆ, ಆಗ ಮೇಲಿನ ಲೆಕ್ಕ ನಿಮಗೂ ಸೇರಿತು.