ಅವ್ವ ಕಬ್ಬಿಗೆ ಹೋದ ಮೇಲೆ ಶುರುವಾದ ಹೊಟ್ಟೆನೋವು

ಪ್ರಶ್ನೆ: ಅಕ್ಕೋರೇ, ನಾನು ಇಂಡಿ ತಾಲ್ಲೂಕಿನ ಹಳ್ಳಿಯೊಂದರ ಸರ್ಕಾರಿ ಶಾಲೆಯ ಮಾಸ್ತರ. ಆರನೇ ತರಗತಿಯ ಒಬ್ಬ ಹುಡುಗಿಯ ಅಪ್ಪ, ಅವ್ವ ದೀಪಾವಳಿ ಮುಗಿಸಿಕೊಂಡು ಗ್ಯಾಂಗಿನ ಜೊತೆ ಕಬ್ಬು ಕಡಿಯಲು ಹೋಗಿದ್ದಾರೆ. ಮಗು ಅಜ್ಜಿಯ ಹತ್ತಿರ ಇದೆ. ಆವಾಗಿನಿಂದ ಪ್ರಾರ್ಥನೆಯ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು ಅನ್ನುತ್ತಾಳೆ. ಚೆನ್ನಾಗಿ ಓದುತ್ತಿದ್ದವಳು ಈಗ ತಲೆ ಬಗ್ಗಿಸಿ ಕೂರುತ್ತಾಳೆ. ‘ನಾಟಕರೀ ಅದು, ಎರಡು ಏಟು ಕೊಡ್ರಿ’ ಅನ್ನುತ್ತಾರೆ ಜೊತೆಯವರು. ಏನು ಮಾಡಲಿ?
– ಒಬ್ಬ ಶಿಕ್ಷಕ, ವಿಜಯಪುರ ಜಿಲ್ಲೆ

ಉತ್ತರ: ಮಾಸ್ತರ್ರೇ, ಏಟಿನ ಮಾತು ಮೊದಲು ಮುಗಿಸಿಬಿಡೋಣ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವಿಗೆ ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ. ಎಲ್ಲರೆದುರು ‘ನಾಟಕದಾಕಿ’ ಅಂತ ನಗುವುದೂ ಹಿಂಸೆಯೇ. ಸ್ಟಾಫ್ ರೂಮಿನಲ್ಲಿ ಇದನ್ನು ನೀವೇ ಹೇಳಬೇಕು, ಬೇರೆ ದಾರಿಯಿಲ್ಲ.

ಆ ಹೊಟ್ಟೆನೋವು ಸುಳ್ಳಲ್ಲ. ಚಿಂತೆ ಜಾಸ್ತಿಯಾದಾಗ ಮಕ್ಕಳಿಗೆ ನಿಜವಾಗಿಯೂ ಹೊಟ್ಟೆ ನೋಯುತ್ತದೆ, ತಲೆ ನೋಯುತ್ತದೆ. ಹಾಗಂತ ಎಲ್ಲವನ್ನೂ ಮನಸ್ಸಿನ ಮೇಲೆ ಹಾಕಬೇಡಿ. ಜಂತುಹುಳುವೋ ಮತ್ತೊಂದೋ ಇರಬಹುದು. ಬೆಳಿಗ್ಗೆ ಏನೂ ತಿನ್ನದೆ ಬರುತ್ತಿರಲೂಬಹುದು, ವಯಸ್ಸಾದ ಅಜ್ಜಿ ಒಬ್ಬರೇ ಅಲ್ವಾ? ಅಜ್ಜಿಗೆ ಹೇಳಿ ಒಮ್ಮೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ತೋರಿಸಿ.

ಆಮೇಲಿನದು ನಿಮ್ಮ ಕೆಲಸ. ನಾನು ನೌಕರಿಯಲ್ಲಿದ್ದಾಗ ಇಂಥ ಮಕ್ಕಳನ್ನು ಪ್ರತಿ ಚಳಿಗಾಲ ನೋಡಿದ್ದೇನೆ. ಅವ್ವ ಊರಲ್ಲಿಲ್ಲ ಅನ್ನುವುದನ್ನು ಅವರು ಹೇಗೋ ತಡೆದುಕೊಳ್ಳುತ್ತಾರೆ. ಯಾವಾಗ ಫೋನ್ ಬರುತ್ತದೆ, ಯಾವಾಗ ಬರುತ್ತಾಳೆ ಅಂತ ಗೊತ್ತಿಲ್ಲದಿರುವುದೇ ಅವರನ್ನು ತಿನ್ನುತ್ತದೆ. ಅದಕ್ಕೇ ಫೋನಿಗೆ ವಾರದಲ್ಲಿ ಒಂದು ದಿನ, ಒಂದು ಹೊತ್ತು ಗೊತ್ತು ಮಾಡಿ. ಗದ್ದೆಯಲ್ಲಿ ನಸುಕಿನಿಂದಲೇ ಕೆಲಸ ಇರುತ್ತದೆ, ಹಾಗಾಗಿ ಸಂಜೆಯೇ ಒಳ್ಳೆಯದು. ಅವ್ವನ ಫೋನು ಹತ್ತದಿದ್ದರೆ ಗ್ಯಾಂಗಿನ ಮುಕಾದಮನ, ಅಂದರೆ ಮೇಸ್ತ್ರಿಯ, ನಂಬರ್ ಇಟ್ಟುಕೊಳ್ಳಿ. ‘ಬೇಗ ಬರ್ತಾಳಮ್ಮಾ’ ಅಂತ ಸುಮ್ನೆ ಸಮಾಧಾನ ಹೇಳಬೇಡಿ. ಫ್ಯಾಕ್ಟರಿ ಕಬ್ಬು ನುರಿಸುವುದು ನಿಲ್ಲುವವರೆಗೂ ಅವರು ಬರುವುದಿಲ್ಲ ಅನ್ನುವುದು ಆ ಹುಡುಗಿಗೆ ನಿಮಗಿಂತ ಚೆನ್ನಾಗಿ ಗೊತ್ತು.

ತರಗತಿಯಲ್ಲಿ ಎಲ್ಲರ ಮುಂದೆ ‘ಏನಾಗಿದೆ?’ ಅಂತ ಕೇಳಬೇಡಿ. ಪ್ರಾರ್ಥನೆ ಮುಗಿದ ಕೂಡಲೇ ಒಂದು ಸಣ್ಣ ಜವಾಬ್ದಾರಿ ಕೊಡಿ. ಹಾಜರಿ ಪುಸ್ತಕ ತರುವುದು, ಬೋರ್ಡಿನ ಮೇಲೆ ತಾರೀಕು ಬರೆಯುವುದು, ಇಷ್ಟೇ ಸಾಕು. ಜೊತೆಗೆ ಒಬ್ಬ ಗೆಳತಿಯನ್ನು ಕಳಿಸಿ. ಹೊಟ್ಟೆ ನೋವು ಅಂದಾಗ ಐದು ನಿಮಿಷ ಕೂರಲಿ, ನೀರು ಕುಡಿಯಲಿ. ದಿನಾ ಮನೆಗೆ ಕಳಿಸಿದರೆ ಮಾತ್ರ ಶಾಲೆಗೆ ಬರುವುದೇ ಕಷ್ಟವಾಗುತ್ತಾ ಹೋಗುತ್ತದೆ. ತಾನಾಗಿಯೇ ಮಾತಾಡಿದರೆ ಕೇಳಿಸಿಕೊಳ್ಳಿ, ನಡುವೆ ಬುದ್ಧಿ ಹೇಳಬೇಡಿ. ನಮ್ಮ ಮಾಸ್ತರಿಕೆಯವರಿಗೆ ಇದೇ ಎಲ್ಲಕ್ಕಿಂತ ಕಷ್ಟ!

ಎರಡು ಮೂರು ವಾರವಾದರೂ ಹಾಗೇ ಇದ್ದರೆ, ಊಟ ನಿದ್ದೆ ಬಿಟ್ಟರೆ, ಡಾಕ್ಟರಿಗೆ ಬಿಡಿ. ಸಾಯುವ ಮಾತಾಡಿದರಂತೂ ಒಂದು ದಿನವೂ ಕಾಯಬೇಡಿ. 14416ಕ್ಕೆ ಫೋನ್ ಮಾಡಿ. ಅದು 2022ರಲ್ಲಿ ಶುರುವಾದ ಟೆಲಿ ಮಾನಸ್, ಮನಸ್ಸಿನ ತೊಂದರೆಗಳಿಗೆ ಸರ್ಕಾರದ ಸಹಾಯವಾಣಿ. ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ಮಗುವೇ ಮಾತಾಡಬೇಕು ಅಂತಿಲ್ಲ, ‘ನನ್ನ ವಿದ್ಯಾರ್ಥಿನಿ ಹೀಗಿದ್ದಾಳೆ’ ಅಂತ ನೀವೂ ಕೇಳಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ಮನೋಚೈತನ್ಯ ಅನ್ನುವ ಮಾನಸಿಕ ಆರೋಗ್ಯ ಶಿಬಿರ ಮಂಗಳವಾರ ನಡೆಯುತ್ತದೆ. ನಿಮ್ಮ ಕಡೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ.

ಒಂದು ಸೂಕ್ಷ್ಮ ಸಂಗತಿಯೂ ಇದೆ. ಹೆತ್ತವರಿಲ್ಲದ ಮನೆಯಲ್ಲಿ ಯಾರಾದರೂ ಮಗುವಿಗೆ ತೊಂದರೆ ಕೊಡುತ್ತಿರಬಹುದು. ಅಂಥ ಅನುಮಾನ ಬಂದರೆ ಊರಲ್ಲಿ ಪಂಚಾಯ್ತಿ ಮಾಡಬೇಡಿ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಿ.

ಈಕೆಯೊಬ್ಬಳೇ ಅಲ್ಲ, ನಿಮ್ಮ ಶಾಲೆಯಲ್ಲಿ ಇನ್ನೂ ಕೆಲವರು ಇರಲೇಬೇಕು. ಗಲಾಟೆ ಮಾಡುವ ಹುಡುಗರಲ್ಲೂ ಹುಡುಕಿ. ಮುಂದಿನ ದಸರೆಯ ಹೊತ್ತಿಗೆ, ಗ್ಯಾಂಗು ಹೊರಡುವ ಮುಂಚೆಯೇ, ಯಾರ ಮನೆಯವರು ಹೋಗುತ್ತಾರೆ ಅಂತ ಹೆಸರು, ನಂಬರು ಬರೆದಿಟ್ಟುಕೊಳ್ಳಿ.