ಎರಡು ವಾರವಾದರೂ ಬೆದೆ ಇಳಿಯದ ಕುದುರೆ

ಫೆಬ್ರವರಿಯಲ್ಲಿ ಎರಡು ವಾರ ಬಿಡದೆ ಬೆದೆ ತೋರಿಸಿ, ಮತ್ತೆ ಮತ್ತೆ ಗಂಡಿಗೆ ಬಿಟ್ಟರೂ ನಿಮ್ಮ ಕುದುರೆ ಗಬ್ಬವಾಗದಿರುವುದಕ್ಕೆ ಕಾರಣ ಬಹುಶಃ ಬಂಜೆತನವಲ್ಲ, ಋತು ಬದಲಾಗುವ ಘಟ್ಟ. ಚಳಿಗಾಲದ ವಿಶ್ರಾಂತಿ ಮುಗಿಯುವಾಗ ಅಂಡಾಶಯದಲ್ಲಿ ಫಾಲಿಕಲ್‌ಗಳು (ಅಂಡವನ್ನು ಹೊತ್ತ, ದ್ರವ ತುಂಬಿದ ಪುಟ್ಟ ಚೀಲಗಳು) ಬೆಳೆಯುತ್ತವೆ, ಆದರೆ ಅಂಡ ಬಿಡುಗಡೆಯಾಗದೆ ಕರಗಿಹೋಗುತ್ತವೆ.

ಸದ್ಯ ಗಂಡಿಗೆ ಬಿಡುವುದನ್ನು ದಯವಿಟ್ಟು ನಿಲ್ಲಿಸಿ. ಪ್ರತಿ ಸಲವೂ ಗರ್ಭಕೋಶಕ್ಕೆ ಸೋಂಕಿನ ಅಪಾಯವಿದೆ. ದಿನ ಬಿಟ್ಟು ದಿನ ಬೇಲಿಯಾಚೆಯಿಂದ ಗಂಡನ್ನು ತೋರಿಸಿ, ಅವಳ ವರ್ತನೆ ಬರೆದಿಡಿ. ಬೆದೆ ಇಳಿದು ಎರಡು ವಾರ ಅವಳು ಗಂಡನ್ನು ಹತ್ತಿರ ಸೇರಿಸದಿದ್ದರೆ ಅಂಡ ಬಿಡುಗಡೆಯಾಗಿರುವ ಸಾಧ್ಯತೆಯೇ ಹೆಚ್ಚು. ಅಲ್ಲಿಂದ ಸುಮಾರು 21 ದಿನಗಳ ಚಕ್ರ ಹಿಡಿಯುತ್ತದೆ.

ಮುಂದಿನ ಬೆದೆಯ ಎರಡನೆಯ ದಿನದಿಂದ ಪಶುವೈದ್ಯರಿಂದ ಸ್ಕ್ಯಾನ್ ಮಾಡಿಸಿ. ಫಾಲಿಕಲ್ 35 ಮಿಲಿಮೀಟರ್ ದಾಟಿದ ಮೇಲೆ ಗಂಡಿಗೆ ಬಿಡಿ. 48 ಗಂಟೆ ಕಳೆದರೂ ಅಂಡ ಬಿಡುಗಡೆಯಾಗದಿದ್ದರೆ ಇನ್ನೊಮ್ಮೆ. ಅಂಡ ಬಿಡುಗಡೆಯಾದ 14ರಿಂದ 16ನೆಯ ದಿನದ ಸ್ಕ್ಯಾನ್ ಮಾತ್ರ ಯಾವ ಕಾರಣಕ್ಕೂ ತಪ್ಪಿಸಬೇಡಿ. ಕುದುರೆಗಳಲ್ಲಿ ಅವಳಿ ಗರ್ಭ ಬಹುಪಾಲು ಉಳಿಯುವುದಿಲ್ಲ, ವೈದ್ಯರು ಒಂದನ್ನು ತೆಗೆಯಲು ಸುಲಭವಾದ ಸಮಯ ಅದೇ.

ಏಪ್ರಿಲ್ ಕಳೆದರೂ ಬೆದೆ ಇಳಿಯದಿದ್ದರೆ ಅಂಡಾಶಯದ ಗಡ್ಡೆಯೂ ಇರಬಹುದು. ಪರೀಕ್ಷಿಸದೆ ಖಚಿತವಾಗಿ ಹೇಳಲಾಗದು.

ಮುಂದಿನ ವರ್ಷ ಬೇಗ ಗಬ್ಬವಾಗಬೇಕಿದ್ದರೆ ಡಿಸೆಂಬರ್ ಆರಂಭದಿಂದಲೇ ಸಂಜೆ ಲಾಯದಲ್ಲಿ ದೀಪ ಹಾಕಿ, ಹಗಲೂ ಸೇರಿ ದಿನಕ್ಕೆ 16 ಗಂಟೆ ಬೆಳಕು ಸಿಗುವಂತೆ ನೋಡಿಕೊಳ್ಳಿ.