ಅಮ್ಮನ ಪಿಂಚಣಿ ಅಣ್ಣನ ಕೈಲಿ, ಈಗ ಮನೆಯನ್ನೂ ಬರೆಸಿಕೊಳ್ಳುವ ಒತ್ತಾಯ: ತಡೆಯುವವರು ಯಾರಾದರೂ ಇದ್ದಾರಾ?

ನೀವು ಕೇಳಿದ್ದು ಇಷ್ಟು: ಅಪ್ಪ ತೀರಿಕೊಂಡ ಮೇಲೆ ಅಮ್ಮ ಊರಲ್ಲಿ ಅಣ್ಣನ ಜೊತೆ ಇದ್ದಾರೆ, ಪಿಂಚಣಿಯ ಎಟಿಎಂ ಕಾರ್ಡ್ ಅಣ್ಣನ ಹತ್ತಿರ ಇದೆ, ಈಗ ಮನೆಯನ್ನೂ ದಾನಪತ್ರ ಮಾಡಿಕೊಡು ಅಂತ ದಿನಾ ಒತ್ತಾಯ. ನೀವು ಬೆಂಗಳೂರಲ್ಲಿ. ಪಂಚಾಯಿತಿ, ಪೊಲೀಸ್, ಬ್ಯಾಂಕ್ ಇವರೆಲ್ಲ ಸೇರಿ ಇದನ್ನು ತಡೆಯುವ ವ್ಯವಸ್ಥೆ ಇದೆಯಾ ಅಂತ.

ಇದೆ. ಆದರೆ ಬಿಡಿಬಿಡಿಯಾಗಿ ಇದೆ. ಒಂದು ಕಚೇರಿಗೆ ಗೊತ್ತಾದದ್ದು ಇನ್ನೊಂದಕ್ಕೆ ತಾನಾಗಿ ತಲುಪುವುದಿಲ್ಲ, ಯಾರಾದರೂ ಓಡಾಡಿ ಅದನ್ನು ಜೋಡಿಸಬೇಕು, ಮತ್ತು ನಿಮ್ಮ ಮನೆಯಲ್ಲಿ ಆ ಕೆಲಸ ನಿಮ್ಮದೇ. ನಾನು ಬ್ಯಾಂಕಿನ ಕೌಂಟರಿನಲ್ಲಿ ಕೆಲಸ ಮಾಡಿ ನಿವೃತ್ತಿಯಾದವಳು, ಈಗ ನಮ್ಮ ತಾಲೂಕಿನ ಹಿರಿಯ ನಾಗರಿಕರ ವೇದಿಕೆಯಲ್ಲಿ ಇದ್ದೇನೆ. ಹಾಗಾಗಿ ಕೌಂಟರಿನ ಎರಡೂ ಕಡೆ ನಿಂತು ನೋಡಿದ್ದೇನೆ. ನಿಮ್ಮ ಅಮ್ಮ ಇನ್ನೂ ಸಹಿ ಹಾಕಿಲ್ಲ ಅಂದಿರಲ್ಲ, ಅದಕ್ಕಿಂತ ಒಳ್ಳೆಯ ಸುದ್ದಿ ಇಲ್ಲ. ಸಹಿಗೆ ಮುಂಚೆ ಒಂದು ಫೋನಿನಲ್ಲಿ ಆಗುವ ಕೆಲಸಕ್ಕೆ ಸಹಿಯಾದ ಮೇಲೆ ವರ್ಷಗಟ್ಟಲೆ ಅಲೆಯಬೇಕಾಗುತ್ತದೆ.

ಮೊದಲು ಕಾರ್ಡಿನ ವಿಷಯ ಹೇಳುತ್ತೇನೆ. ಅಕೌಂಟ್ ಅಮ್ಮನದ್ದು, ಹಾಗಾಗಿ ಹೇಳಬೇಕಾದವರೂ ಅವರೇ. ನೀವು ಮಗಳು ಅಂತ ಬ್ಯಾಂಕಿನವರು ನಿಮಗೆ ಬ್ಯಾಲೆನ್ಸ್ ಹೇಳುವುದಿಲ್ಲ, ಹೇಳಲೂಬಾರದು. ಅಮ್ಮ ಒಂದು ಅರ್ಜಿ ಬರೆದುಕೊಟ್ಟರೆ ಹಳೆಯ ಕಾರ್ಡ್ ಬ್ಲಾಕ್ ಆಗುತ್ತದೆ, ಹೊಸದು ಬರುತ್ತದೆ. ಅದಕ್ಕಿಂತ ಮುಖ್ಯ, ಅಕೌಂಟಿಗೆ ಜೋಡಿಸಿರುವ ಮೊಬೈಲ್ ನಂಬರ್ ಯಾರದ್ದು ಅಂತ ನೋಡಿಸಿ. ಅಣ್ಣನ ನಂಬರ್ ಇದ್ದರೆ ದುಡ್ಡು ತೆಗೆದ ಮೆಸೇಜೂ ಅವರಿಗೇ ಹೋಗುತ್ತದೆ, ಅಮ್ಮನಿಗೆ ಏನೂ ಗೊತ್ತಾಗುವುದಿಲ್ಲ. ಅಮ್ಮನಿಗೆ 70 ದಾಟಿದ್ದು ಓಡಾಡಲು ಆಗದಿದ್ದರೆ ಮನೆಗೇ ಬಂದು ಸೇವೆ ಕೊಡುವ ಏರ್ಪಾಡು ಮಾಡಬೇಕು ಅಂತ ರಿಸರ್ವ್ ಬ್ಯಾಂಕ್ 2017ರಲ್ಲೇ ಬ್ಯಾಂಕುಗಳಿಗೆ ಸೂಚನೆ ಕೊಟ್ಟಿದೆ. ಕೇಳಿ ಪಡೆಯಿರಿ. ಹಳ್ಳಿಯಲ್ಲಿ ಬ್ಯಾಂಕ್ ಮಿತ್ರನ ಹತ್ತಿರ ಹೆಬ್ಬೆಟ್ಟು ಒತ್ತಿ ದುಡ್ಡು ತೆಗೆಯುವುದಾದರೆ ಪ್ರತಿ ಸಲ ಚೀಟಿ ಇಸ್ಕೊಳ್ಳಲು ಅಮ್ಮನಿಗೆ ಹೇಳಿಕೊಡಿ. ಎರಡು ಸಾವಿರ ತೆಗೆದು ಕೈಗೆ ಒಂದು ಸಾವಿರ ಕೊಡುವವರೂ ಇದ್ದಾರೆ.

ನಾನಿದ್ದ ಶಾಖೆಯಲ್ಲಿ ನಡೆದದ್ದು ಒಂದನ್ನು ಹೇಳಬೇಕು. ಒಬ್ಬ ಅಜ್ಜಿ ತಿಂಗಳ ಮೊದಲ ವಾರದಲ್ಲಿ ಮೊಮ್ಮಗನ ಜೊತೆ ಬರುತ್ತಿದ್ದರು. ಪಾಸ್‌ಬುಕ್ಕು ಪ್ಲಾಸ್ಟಿಕ್ ಕವರಿನಲ್ಲಿ, ಆ ಕವರು ಹುಡುಗನ ಕೈಯಲ್ಲಿ. ಏನು ಕೇಳಿದರೂ ಅವನೇ ಉತ್ತರ ಕೊಡುತ್ತಿದ್ದ. ಅಜ್ಜಿ ಹೆಬ್ಬೆಟ್ಟು ಒತ್ತಿ, ಬೆರಳಿನ ಶಾಯಿಯನ್ನು ಸೆರಗಿಗೆ ಒರೆಸಿಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು, ನೋಟು ಎಣಿಸುವುದು ಅವನು. ಒಂದು ದಿನ ನಮ್ಮ ಮ್ಯಾನೇಜರ್ ಅವನನ್ನು ಆಧಾರ್ ಜೆರಾಕ್ಸ್ ಮಾಡಿಸಿಕೊಂಡು ಬಾ ಅಂತ ಹೊರಗೆ ಕಳಿಸಿ, ಅಜ್ಜಿಯ ಪಕ್ಕ ಬಂದು ಕೂತು, "ಅಜ್ಜಿ, ಈ ದುಡ್ಡಲ್ಲಿ ನಿಮ್ಮ ಕೈಗೆ ಎಷ್ಟು ಬರುತ್ತೆ?" ಅಂತ ಕೇಳಿದರು. "ಮಾತ್ರೆಗೆ ಕೇಳಿದ್ರೆ ಕೊಡ್ತಾನಪ್ಪ" ಅಂದರು ಅಜ್ಜಿ. ಅಷ್ಟು ಸಾಕಾಯಿತು. ಅಜ್ಜಿಯ ಒಪ್ಪಿಗೆ ಪಡೆದು ಮ್ಯಾನೇಜರ್ ನಮ್ಮೂರಿನ ವೇದಿಕೆಯವರಿಗೆ ತಿಳಿಸಿದರು. ವೇದಿಕೆಯವರು ಪಂಚಾಯಿತಿ ಸದಸ್ಯರನ್ನು ಕರೆದುಕೊಂಡು ಅಜ್ಜಿಯ ಮನೆಗೆ ಹೋದರು. ಯಾರೂ ಜೋರು ಮಾಡಲಿಲ್ಲ. ಅಜ್ಜಿಗೆ ಹಣ ಸರಿಯಾಗಿ ಸಿಗುತ್ತಿದೆಯಾ ಅಂತ ನಾಲ್ಕು ಜನ ಕೇಳುತ್ತಿದ್ದಾರೆ ಅನ್ನುವುದು ಆ ಮನೆಗೆ ಗೊತ್ತಾಯಿತು, ಅಷ್ಟೇ. ಮುಂದಿನ ತಿಂಗಳಿಂದ ನೋಟು ಎಣಿಸಿದ್ದು ಅಜ್ಜಿ.

ಎಲ್ಲ ಮನೆಯಲ್ಲೂ ಇಷ್ಟು ಸಲೀಸಾಗಿ ಆಗುವುದಿಲ್ಲ, ಗೊತ್ತು. ಆದರೆ ಇಂಥ ಹಣದ ಕಿರುಕುಳ ನಡೆಯುವುದು ಯಾರೂ ಕೇಳುವವರಿಲ್ಲ ಅನ್ನುವ ಧೈರ್ಯದ ಮೇಲೆ. ಕೇಳುವವರು ಇದ್ದಾರೆ ಅಂತ ಗೊತ್ತಾದರೆ ಅರ್ಧ ಜನ ಹಿಂದೆ ಸರಿಯುತ್ತಾರೆ. ಇದನ್ನು ನಾನು ಪೂರ್ತಿ ನಂಬಿದ್ದೇನೆ.

ಈಗ ದಾನಪತ್ರ. ಇದು ನಿಜವಾಗಿಯೂ ಅಪಾಯದ ಜಾಗ. ನಮ್ಮ ರಾಜ್ಯದಲ್ಲಿ ಕುಟುಂಬದ ಒಳಗಿನ ದಾನಪತ್ರಕ್ಕೆ ಮುದ್ರಾಂಕ ಶುಲ್ಕ ತೀರಾ ಕಡಿಮೆ. ಖರ್ಚಿಲ್ಲ, ಅರ್ಧ ದಿನದ ಕೆಲಸ. ಅದಕ್ಕೇ ಎಲ್ಲರೂ ಇದೇ ದಾರಿ ಹಿಡಿಯುತ್ತಾರೆ. "ನಾನು ಹೋದ ಮೇಲೆ ಮನೆ ನಿನಗೇ" ಅಂತ ಹೇಳುವ ಆಸೆ ಅಮ್ಮನಿಗೆ ನಿಜವಾಗಿಯೂ ಇದ್ದರೆ ಅದಕ್ಕೆ ಉಯಿಲು ಇದೆ. ಉಯಿಲನ್ನು ಬದುಕಿರುವವರೆಗೂ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು, ಮನೆಯೂ ಅಲ್ಲಿವರೆಗೆ ಅಮ್ಮನ ಹೆಸರಲ್ಲೇ ಇರುತ್ತದೆ. ದಾನಪತ್ರ ಹಾಗಲ್ಲ, ರಿಜಿಸ್ಟರ್ ಆದ ದಿನವೇ ಮನೆ ಕೈಬಿಟ್ಟಂತೆ.

ಬಲವಂತವಾಗಿ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಕರೆದುಕೊಂಡು ಹೋದರೆ? ಇದನ್ನು ಅಮ್ಮನಿಗೆ ಬಾಯಿಪಾಠ ಮಾಡಿಸಿ: ಸಬ್ ರಿಜಿಸ್ಟ್ರಾರ್ ಎದುರು "ಈ ಪತ್ರ ನಾನು ಬರೆದುಕೊಟ್ಟಿದ್ದಲ್ಲ, ನಾನು ಒಪ್ಪುವುದಿಲ್ಲ" ಅಂತ ಹೇಳಿದರೆ 1908ರ ನೋಂದಣಿ ಕಾಯ್ದೆಯ ಪ್ರಕಾರ ಅವರು ನೋಂದಣಿ ನಿರಾಕರಿಸಲೇಬೇಕು. ಮಗ ಪಕ್ಕದಲ್ಲೇ ನಿಂತಿರುವಾಗ ಆ ಮಾತು ಹೇಳುವುದು ಎಷ್ಟು ಕಷ್ಟ ಅಂತ ನನಗೂ ಗೊತ್ತು. ಹಿರಿಯರನ್ನು ಎರಡು ನಿಮಿಷ ಒಬ್ಬರನ್ನೇ ಕೂರಿಸಿ ಮಾತಾಡಿಸುವ ಪದ್ಧತಿ ಪ್ರತಿ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲೂ ಬರಬೇಕು ಅಂತ ನಮ್ಮ ವೇದಿಕೆಯವರು ಸಿಕ್ಕ ಸಭೆಯಲ್ಲೆಲ್ಲ ಹೇಳುತ್ತಲೇ ಇದ್ದೇವೆ.

ಅಮ್ಮ ಮಾಡಿಕೊಡಲೇಬೇಕು ಅಂತ ತೀರ್ಮಾನಿಸಿದರೆ, ಆ ಪತ್ರದ ಒಳಗೇ ಒಂದು ಷರತ್ತು ಬರೆಸಿ: ಊಟ, ವಸತಿ, ಔಷಧಿ ನೋಡಿಕೊಳ್ಳಬೇಕು, ನೋಡಿಕೊಳ್ಳದಿದ್ದರೆ ದಾನ ರದ್ದು. ಇದು ಯಾಕೆ ಅಂದರೆ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯ್ದೆಯ 23ನೇ ಸೆಕ್ಷನ್ನಿನ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು, ಷರತ್ತು ಮುರಿದರೆ ವಾಪಸ್ ಪಡೆಯಬಹುದು. ಆದರೆ ಸುದೇಶ್ ಛಿಕಾರಾ ಪ್ರಕರಣದಲ್ಲಿ 2022ರಲ್ಲಿ ಸುಪ್ರೀಂ ಕೋರ್ಟ್, ಆ ಷರತ್ತು ಇತ್ತು ಅನ್ನುವುದು ಸಾಬೀತಾಗಬೇಕು ಅಂತ ಹೇಳಿತು. ಆಮೇಲೆ 2025ರ ಜನವರಿಯಲ್ಲಿ ಮಧ್ಯಪ್ರದೇಶದ ಊರ್ಮಿಳಾ ದೀಕ್ಷಿತ್ ಪ್ರಕರಣದಲ್ಲಿ ಅದೇ ಕೋರ್ಟ್ ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ನೋಡಬೇಕು ಅಂದು, ಆ ತಾಯಿಗೆ ಆಸ್ತಿ ವಾಪಸ್ ಕೊಡಿಸಿತು. ಅಲ್ಲಿ ಮಗ ನೋಡಿಕೊಳ್ಳುತ್ತೇನೆ ಅಂತ ಬೇರೆ ಕಾಗದದಲ್ಲಿ ಬರೆದುಕೊಟ್ಟಿದ್ದ. ಆ ಕಾಗದ ಉಪಯೋಗಕ್ಕೆ ಬಂತು. ಪತ್ರ ಬರೆಯುವವರು "ಅದೆಲ್ಲ ಬೇಡ ಬಿಡಿ, ಮಾಮೂಲಿ ಫಾರ್ಮ್ಯಾಟ್ ಸಾಕು" ಅಂತಾರೆ. ಒಪ್ಪಬೇಡಿ.

ದೂರು ಕೊಡುವುದಾದರೆ ಈ ಕಾಯ್ದೆಯ ನ್ಯಾಯಮಂಡಳಿ ಅಂದರೆ ನಮ್ಮಲ್ಲಿ ಉಪವಿಭಾಗಾಧಿಕಾರಿ, ಜನ ಎಸಿ ಕೋರ್ಟ್ ಅನ್ನುತ್ತಾರಲ್ಲ, ಅದೇ. ಅಮ್ಮ ಬರಲಾಗದ ಸ್ಥಿತಿಯಲ್ಲಿದ್ದರೆ ಅವರು ಒಪ್ಪಿಗೆ ಕೊಟ್ಟ ಬೇರೊಬ್ಬರು ಅಥವಾ ಒಂದು ಸಂಸ್ಥೆ ಅರ್ಜಿ ಹಾಕಬಹುದು. ಅಂದರೆ ನೀವೇ ಹಾಕಬಹುದು. ಅಲ್ಲಿ ತೀರ್ಪು ಸರಿ ಕಾಣದಿದ್ದರೆ ಅಮ್ಮ 60 ದಿನದ ಒಳಗೆ ಡಿಸಿಯವರಿಗೆ ಮೇಲ್ಮನವಿ ಹಾಕಬಹುದು. ಕೇಸ್‌ಗಳು ಜಾಸ್ತಿ ಇರುವ ಕಡೆ ತಡ ಆಗುತ್ತದೆ, ತಾಳ್ಮೆ ಬೇಕು.

ಎಸಿ ಕೋರ್ಟ್ ಅಂದ ತಕ್ಷಣ ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ: "ನನ್ನ ಮಗನ್ನ ಜೈಲಿಗೆ ಹಾಕ್ತಾರಾ?" ನಮ್ಮಲ್ಲಿಗೆ ಬಂದವರಲ್ಲಿ ಎಷ್ಟೋ ಜನ ಅರ್ಜಿಯನ್ನು ವಾಪಸ್ ತೆಗೆದುಕೊಂಡಿದ್ದು ಇದೇ ಭಯಕ್ಕೆ. ಊಟ ಹಾಕುತ್ತಿರುವವನೂ ಅವನೇ, ರಾತ್ರಿ ಉಸಿರಾಟಕ್ಕೆ ತೊಂದರೆಯಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕಾದವನೂ ಅವನೇ. ಆ ಭಯವನ್ನು ಹಗುರವಾಗಿ ನೋಡಬೇಡಿ. ಅಮ್ಮನಿಗೆ ಸಮಾಧಾನವಾಗಿ ತಿಳಿಸಿ ಹೇಳಿ: ಇದು ಕ್ರಿಮಿನಲ್ ಕೇಸ್ ಅಲ್ಲ, ನ್ಯಾಯಮಂಡಳಿ ಮೊದಲು ರಾಜಿ ಮಾಡಿಸುವವರ ಹತ್ತಿರ ಕಳಿಸಬಹುದು, ಹಿರಿಯರಿಗಾಗಿ ಕೆಲಸ ಮಾಡುವ ಸಂಸ್ಥೆಯವರೂ ಆ ಕೆಲಸಕ್ಕೆ ಇರುತ್ತಾರೆ. ಅಣ್ಣನಿಗೂ ಮಾತಾಡಲು ಅವಕಾಶ ಸಿಗುತ್ತದೆ. ಅವರ ಮೇಲೂ ಸಾಲ ಇರಬಹುದು, ಅಮ್ಮನ ಔಷಧಿಗೆ ಅವರೇ ಖರ್ಚು ಮಾಡುತ್ತಿರಬಹುದು. ಕಾರ್ಡ್ ಇಟ್ಟುಕೊಂಡವರೆಲ್ಲ ಕಳ್ಳರಲ್ಲ. ಹಾಗಾಗಿ ಮೊದಲು ನೇರವಾಗಿ ಲೆಕ್ಕ ಕೇಳಿ. ಕೇಳಿದ್ದಕ್ಕೇ ಅಮ್ಮನ ಮೇಲೆ ಕೂಗಾಡಿದರೆ ನಿಮಗೆ ಉತ್ತರ ಸಿಕ್ಕಿತು ಅಂತಲೇ ಲೆಕ್ಕ.

ನೀವು ಕೇಳಿದ "ಎಲ್ಲರೂ ಸೇರಿ" ಅನ್ನುವುದು ಚೆನ್ನಾಗಿ ನಡೆದಿರುವ ಒಂದು ಉದಾಹರಣೆ ಬೆಂಗಳೂರಲ್ಲೇ ಇದೆ. ನಗರ ಪೊಲೀಸರು ಮತ್ತು ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್ ಒಟ್ಟಾಗಿ 2002ರಲ್ಲಿ ಹಿರಿಯರ ಸಹಾಯವಾಣಿ 1090 ಶುರು ಮಾಡಿದರು. ಮಾತಾಡಿಸಿ ಸಮಾಧಾನ ಮಾಡಲು ಸಂಸ್ಥೆಯವರು, ಹಿಂದೆ ಪೊಲೀಸರ ಬಲ. ಠಾಣೆಗೆ ಒಬ್ಬರೇ ಹೋದರೆ "ಇದು ನಿಮ್ಮ ಮನೆ ವಿಷಯ, ಕೂತು ಮಾತಾಡ್ಕೊಳ್ಳಿ" ಅನ್ನುವುದೇ ಜಾಸ್ತಿ ಅಲ್ವಾ, ಆ ಜಾಗದಲ್ಲಿ ಇಂಥ ಜೋಡಿ ಬಹಳ ಕೆಲಸ ಮಾಡುತ್ತದೆ. ಊರುಗಳಿಗೂ ಇದು ಬರಬೇಕು ಅನ್ನುವುದು ಕಾಗದದ ಮೇಲಂತೂ ಇದೆ. 2007ರ ಕಾಯ್ದೆಗೆ ಕೇಂದ್ರ ಮಾಡಿದ ಮಾದರಿ ನಿಯಮಗಳಲ್ಲಿ, ಪ್ರತಿ ಠಾಣೆಯೂ ತನ್ನ ವ್ಯಾಪ್ತಿಯ ಹಿರಿಯರ, ಅದರಲ್ಲೂ ಒಂಟಿಯಾಗಿರುವವರ ಪಟ್ಟಿ ಇಟ್ಟುಕೊಂಡು, ಪೊಲೀಸರು ಒಬ್ಬ ಸ್ವಯಂಸೇವಕರ ಜೊತೆ ತಿಂಗಳಿಗೆ ಒಂದು ಸಲವಾದರೂ ಅವರ ಮನೆಗೆ ಹೋಗಿ ಬರಬೇಕು ಅಂತ ಇದೆ. ನಿಮ್ಮೂರ ಠಾಣೆಯಲ್ಲಿ ಆ ಪಟ್ಟಿ ಇದೆಯಾ ಅಂತ ಕೇಳಿ, ಇದ್ದರೆ ಅಮ್ಮನ ಹೆಸರು ಸೇರಿಸಿ. ಕೇಳುವವರು ಇಲ್ಲದೆ ಎಷ್ಟೋ ಕಡೆ ಈ ಪಟ್ಟಿ ಬರೀ ನಿಯಮವಾಗಿಯೇ ಉಳಿದಿದೆ.

ಇಂಗ್ಲೆಂಡಿನಲ್ಲಿ 2014ರ ಕೇರ್ ಆಕ್ಟ್ ಹಣದ ಶೋಷಣೆಯನ್ನೂ ಹೆಸರಿಸಿ, ಆರೈಕೆ ಬೇಕಾದ, ತಮ್ಮನ್ನು ತಾವು ಕಾಪಾಡಿಕೊಳ್ಳಲು ಆಗದ ವ್ಯಕ್ತಿಯ ಬಗ್ಗೆ ಅಂಥ ಅನುಮಾನ ಬಂದರೆ ಸ್ಥಳೀಯ ಕೌನ್ಸಿಲ್ ವಿಚಾರಿಸಲೇಬೇಕು ಅಂತ ಮಾಡಿದೆ. ಕೌನ್ಸಿಲ್, ಪೊಲೀಸ್, ಆರೋಗ್ಯ ಸೇವೆಯವರು ಒಂದೇ ಮಂಡಳಿಯಲ್ಲಿ ಕೂರುತ್ತಾರೆ. ನಮ್ಮ ಗ್ರಾಮ ಪಂಚಾಯಿತಿಗೆ ಇಂಥ ಜವಾಬ್ದಾರಿ ಕೊಟ್ಟರೆ ಎಷ್ಟು ಚೆನ್ನ. ಯಾರ ಮನೆಯಲ್ಲಿ ಏನು ನಡೆಯುತ್ತಿದೆ ಅಂತ ಆಶಾ ಕಾರ್ಯಕರ್ತೆಗೆ, ಪಂಚಾಯಿತಿ ಸದಸ್ಯರಿಗೆ ಗೊತ್ತೇ ಇರುತ್ತದೆ. ಗೊತ್ತಾದ ಮೇಲೆ ಯಾರಿಗೆ ಹೇಳಬೇಕು ಅನ್ನುವುದಷ್ಟೇ ಗೊತ್ತಿಲ್ಲ.

ನೀವು ಈ ವಾರ ಊರಿಗೆ ಹೋಗಿ, ಅಣ್ಣ ಮನೆಯಲ್ಲಿ ಇಲ್ಲದ ಹೊತ್ತು ನೋಡಿ, ಅಮ್ಮನಿಂದಲೇ 14567ಕ್ಕೆ ಫೋನ್ ಮಾಡಿಸಿ. ಅದು ಹಿರಿಯರಿಗೆ ಇರುವ ರಾಷ್ಟ್ರೀಯ ಸಹಾಯವಾಣಿ, ಉಚಿತ, ಬೆಳಿಗ್ಗೆ 8ರಿಂದ ರಾತ್ರಿ 8ರವರೆಗೆ. ವಕೀಲರ ಸಲಹೆ ಬೇಕಾದರೆ ತಾಲೂಕು ಕೋರ್ಟಿನ ಆವರಣದಲ್ಲೇ ಕಾನೂನು ಸೇವಾ ಸಮಿತಿ ಇರುತ್ತದೆ, ಫೋನ್ 15100. ಹೆಂಗಸರಿಗೆ ಅಲ್ಲಿ ಆದಾಯದ ಮಿತಿ ಇಲ್ಲ, ಹಾಗಾಗಿ ಅಮ್ಮನಿಗೆ ಪಿಂಚಣಿ ಬರುತ್ತದೆ ಅಂತ ಯಾರೂ ವಾಪಸ್ ಕಳಿಸುವಂತಿಲ್ಲ. ಆಮೇಲೆ ಮನೆಯ ಮೂಲಪತ್ರ ಎಲ್ಲಿದೆ ಅಂತ ಅಮ್ಮನನ್ನು ಕೇಳಿ, ಅದರ ಜೆರಾಕ್ಸ್ ಒಂದು ನಿಮ್ಮ ಹತ್ತಿರ ಇರಲಿ. ನಿಮ್ಮದು ಯಾವ ತಾಲೂಕು ಅಂತ ಹೇಳಿದರೆ ಯಾವ ಎಸಿ ಕಚೇರಿಗೆ ಬರುತ್ತದೆ ಅಂತ ವಿಚಾರಿಸಿ ಹೇಳುತ್ತೇನೆ.